ಬೆನ್ನು ಮೇಲೆ ಮರಳು ಸಿಗಲಿಲ್ಲ

ಆ ಕ್ಷುದ್ರಗ್ರಹದ ಹೆಸರು ಬೆನ್ನು. ಕನ್ನಡದವರಿಗೆ ಕೇಳಿದ ಕೂಡಲೇ ನಗು ಬರುತ್ತದೆ, ಅಲ್ವಾ? ಅದು ಈಜಿಪ್ಟಿನ ಪುರಾಣದ ಒಂದು ಹಕ್ಕಿಯ ಹೆಸರು. ನಮ್ಮ ಬೆನ್ನಿಗೂ ಅದಕ್ಕೂ ಸಂಬಂಧವಿಲ್ಲ.

1999ರಲ್ಲಿ ಮೊದಲು ಕಣ್ಣಿಗೆ ಬಿದ್ದಾಗ ಅದು ಬರೀ ಒಂದು ಬೆಳಕಿನ ಚುಕ್ಕಿ. ಚುಕ್ಕಿ ನೋಡಿ ಗಾತ್ರ ಹೇಳೋದು ಕಷ್ಟ. ಮಂಕಾಗಿದ್ದರೆ ಕಲ್ಲು ಚಿಕ್ಕದಿರಬಹುದು. ಅಥವಾ ದೊಡ್ಡದೇ ಇದ್ದು, ಇದ್ದಿಲಿನಷ್ಟು ಕಪ್ಪಿರಬಹುದು.

ಹಾಗಾಗಿ ರೇಡಾರ್ ಬಳಸಿದರು. ಬೆನ್ನು ಭೂಮಿಯ ಹತ್ತಿರ ಬಂದಾಗ ಪೋರ್ಟೊರಿಕೊದ ಅರೆಸಿಬೊದಿಂದ, ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಿಂದ ರೇಡಿಯೊ ಅಲೆ ಕಳಿಸಿ ಪ್ರತಿಧ್ವನಿಗೆ ಕಾದರು. ನಮ್ಮ ಕಡೆ ಚಾಚಿದ ಭಾಗದ ಪ್ರತಿಧ್ವನಿ ಮೊದಲು ಬರುತ್ತದೆ, ಹಿಂದಿನದು ತಡವಾಗಿ. ಜೊತೆಗೆ ಕಲ್ಲು ತಿರುಗುತ್ತಿರುತ್ತದೆ. ನಮ್ಮತ್ತ ಬರುವ ಅಂಚಿನ ಅಲೆಯ ಶ್ರುತಿ ಒಂಚೂರು ಏರುತ್ತದೆ, ಆಚೆ ಸರಿಯುವ ಅಂಚಿನದು ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಒಂದು ಉಂಡೆ ಮಾಡಿಕೊಂಡು, ಅದೂ ಇಂಥದ್ದೇ ಪ್ರತಿಧ್ವನಿ ಕೊಡುವ ತನಕ ತಿದ್ದುತ್ತಾ ಹೋದರು. ಕೊನೆಗೆ ಬುಗುರಿಯಂಥ ಆಕಾರ ಬಂತು. ಅಡ್ಡಳತೆ ಸುಮಾರು 492 ಮೀಟರ್. ಆಮೇಲೆ ನಾಸಾದ ಒಸೈರಿಸ್-ರೆಕ್ಸ್ ನೌಕೆ ಹೋಗಿ ಅಳೆದಾಗ 490! ನನಗೆ ಇದು ಈಗಲೂ ಸೋಜಿಗ.

ತೂಕದ ಲೆಕ್ಕ ಇನ್ನೂ ಮಜಾ ಇದೆ. ಬಿಸಿಲಲ್ಲಿ ಕಾದ ಕಲ್ಲು ಆ ಶಾಖವನ್ನು ಹೊರಗೆ ಚೆಲ್ಲುವಾಗ ಕಲ್ಲಿಗೇ ತೀರಾ ಸಣ್ಣದೊಂದು ತಳ್ಳು ಸಿಗುತ್ತದೆ. ಅದರಿಂದ ಬೆನ್ನುವಿನ ಕಕ್ಷೆ ವರ್ಷಕ್ಕೆ ಸುಮಾರು 284 ಮೀಟರ್ ಕುಗ್ಗುತ್ತಿದೆ. ಕಲ್ಲು ಹಗುರವಾದಷ್ಟೂ ಜಾಸ್ತಿ ಸರಿಯುತ್ತದೆ. ಎಷ್ಟು ಸರಿಯಿತು ಅಂತ ರೇಡಾರ್ ಹೇಳಿದ್ದರಿಂದ ತೂಕವೂ ಸಿಕ್ಕಿತು. ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚು. ಕಲ್ಲಿಗೆ ಇದು ತೀರಾ ಕಮ್ಮಿ. ಅಂದರೆ ಅದು ಒಂದೇ ಬಂಡೆಯಲ್ಲ, ಕಲ್ಲಿನ ಗುಡ್ಡೆ. ಒಳಗೆ ಹೆಚ್ಚುಕಡಿಮೆ ಅರ್ಧ ಖಾಲಿ.

ಎಡವಿದ್ದು ಮೇಲ್ಮೈ ವಿಷಯದಲ್ಲಿ.

ಸಂಜೆ ಹೊತ್ತು ದೇವಸ್ಥಾನದ ಅಂಗಳದಲ್ಲಿ ಬರಿಗಾಲಲ್ಲಿ ನಡೆದಿದ್ದೀರಾ? ಚಪ್ಪಡಿ ಕಲ್ಲು ಕತ್ತಲಾದ ಮೇಲೂ ಬೆಚ್ಚಗಿರುತ್ತದೆ. ಪಕ್ಕದ ಮರಳು ಆಗಲೇ ತಣ್ಣಗಾಗಿರುತ್ತದೆ. ಗಟ್ಟಿ ಕಲ್ಲು ಶಾಖವನ್ನು ಒಳಕ್ಕೆಳೆದು ಇಟ್ಟುಕೊಳ್ಳುತ್ತದೆ, ಪುಡಿಗೆ ಅದಾಗದು. 2007ರಲ್ಲಿ ಸ್ಪಿಟ್ಜರ್ ದೂರದರ್ಶಕ ಬೆನ್ನುವಿನ ಶಾಖ ಅಳೆಯಿತು. ಬೆನ್ನು ಬೇಗ ಬಿಸಿಯಾಗಿ ಬೇಗ ತಣಿಯುವ ಜಾತಿ ಅಂತ ಗೊತ್ತಾಯಿತು. ಹಾಗಾದರೆ ಮೇಲೆಲ್ಲ ಸಣ್ಣ ಜಲ್ಲಿ, ಸಮುದ್ರ ದಂಡೆಯ ಥರ ಇರಬೇಕು ಅಂದುಕೊಂಡರು. ಬೆನ್ನುವಿನಿಂದ ಒಂದಿಷ್ಟು ಕಲ್ಲು-ಪುಡಿ ತರಬೇಕಿದ್ದ ಒಸೈರಿಸ್-ರೆಕ್ಸ್ ನೌಕೆ ಇಳಿಯಲು 50 ಮೀಟರ್ ಅಗಲದ ಬಯಲು ಸಿಗುತ್ತದೆ ಎಂದೇ ಯೋಜನೆ ಹಾಕಿದರು.

2018ರ ಡಿಸೆಂಬರಿನಲ್ಲಿ ನೌಕೆ ತಲುಪಿ ಫೋಟೊ ಕಳಿಸಿತು. ಎಲ್ಲಿ ನೋಡಿದರೂ ಬಂಡೆ. ಕಾಲಿಡಲು ಜಾಗವಿಲ್ಲ.

ಅಳತೆ ತಪ್ಪಿರಲಿಲ್ಲ. ಆ ಬಂಡೆಗಳೇ ವಿಚಿತ್ರ. ಮೈತುಂಬ ಸಣ್ಣ ಸಣ್ಣ ತೂತು, ಹಗುರ, ಪೊಳ್ಳು. ದೊಡ್ಡ ಬಂಡೆಯಾದರೂ ಮರಳಿನ ಹಾಗೆ ತಣಿಯುತ್ತದೆ. ಸಂಖ್ಯೆ ಒಂದೇ, ಅದಕ್ಕೆ ಹೊಂದುವ ಕಥೆ ಎರಡು. ವಿಜ್ಞಾನಿಗಳು ಭೂಮಿಯ ಅನುಭವದ ಕಥೆಯನ್ನೇ ಆರಿಸಿಕೊಂಡರು. ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು ಬಿಡಿ.

ತಿಂಗಳುಗಟ್ಟಲೆ ಹುಡುಕಿ ಸುಮಾರು 16 ಮೀಟರ್ ಅಗಲದ ಒಂದು ಜಾಗ ಆರಿಸಿದರು. 2020ರ ಅಕ್ಟೋಬರ್ 20ರಂದು ನೌಕೆಯ ತೋಳು ನೆಲ ಮುಟ್ಟಿತು. ಮುಟ್ಟಿತು ಅನ್ನುವುದಕ್ಕಿಂತ ಮುಳುಗಿತು ಅನ್ನಬೇಕು. ಅರ್ಧ ಮೀಟರ್ ಒಳಗಿಳಿಯಿತು. ನೆಲ ಎದುರೊತ್ತಲೇ ಇಲ್ಲ. ಎಂಜಿನ್ ಉರಿಸಿ ಮೇಲೇಳದಿದ್ದರೆ ಇನ್ನೂ ಇಳಿಯುತ್ತಿತ್ತು. ಕಲ್ಲುಗಳು ಅಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರಲಿಲ್ಲ. ಸುಮ್ನೆ ಒಂದರ ಮೇಲೊಂದು ಕೂತಿದ್ದವು, ಅಷ್ಟೇ.

ತೋಳಿನ ತುದಿಯ ಡಬ್ಬಿಯೊಳಗೆ ಕಲ್ಲು-ಪುಡಿ ಎಷ್ಟು ನುಗ್ಗಿತ್ತೆಂದರೆ ಮುಚ್ಚಳಕ್ಕೆ ಕಲ್ಲು ಸಿಕ್ಕಿಕೊಂಡು ಸರಿಯಾಗಿ ಮುಚ್ಚಲೇ ಇಲ್ಲ. ಒಂದಿಷ್ಟು ಚೆಲ್ಲಿಹೋಯಿತು. ಉಳಿದದ್ದು 2023ರ ಸೆಪ್ಟೆಂಬರ್ 24ರಂದು ಅಮೆರಿಕದ ಯೂಟಾ ಮರುಭೂಮಿಗೆ ಬಂದಿಳಿಯಿತು. ಕನಿಷ್ಠ 60 ಗ್ರಾಂ ಸಿಕ್ಕರೆ ಸಾಕೆಂದು ಹೊರಟಿದ್ದರು. ತೂಗಿ ನೋಡಿದಾಗ ಇದ್ದದ್ದು 121.6 ಗ್ರಾಂ.