ಕಿಡ್ನಿ ರೋಗಿಯ ಬ್ರೆಡ್ ಮೇಲೆ ಜಾಮ್ ಸವರಬಹುದಾ?

ಕಿಡ್ನಿ ತೊಂದರೆ ಅಂತ ಗೊತ್ತಾದ ವಾರದಲ್ಲೇ ಮನೆಯವರು ಜಾಮ್ ಬಾಟಲಿ ಎತ್ತಿ ಆಚೆ ಇಟ್ಟಿರುತ್ತಾರೆ. ಅದರ ಜಾಗಕ್ಕೆ 'ಒಳ್ಳೇದು' ಅಂತ ಪೀನಟ್ ಬಟರ್ ಬಂದಿರುತ್ತದೆ. ಡಯಟೀಷಿಯನ್ ಆಗಿ ನಾನು ಪದೇ ಪದೇ ನೋಡುವ ಅದಲು ಬದಲು ಇದು. ಸೋತ ಕಿಡ್ನಿ ಪೊಟ್ಯಾಸಿಯಂ, ಫಾಸ್ಫರಸ್ ಎಂಬ ಖನಿಜಗಳನ್ನು ಸರಿಯಾಗಿ ಹೊರಹಾಕುವುದಿಲ್ಲ, ಅವು ರಕ್ತದಲ್ಲೇ ಉಳಿಯುತ್ತವೆ. ಹಾಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿರುವವರಿಗೆ ಇದು ಉಲ್ಟಾ ಲೆಕ್ಕ.

ಒಂದು ಟೇಬಲ್ ಚಮಚ ಜಾಮ್, ಅಂದರೆ ಸುಮಾರು 20 ಗ್ರಾಂ ತಗೊಳ್ಳಿ. ಅದರಲ್ಲಿ ಪೊಟ್ಯಾಸಿಯಂ 15 ಮಿಲಿಗ್ರಾಂ ಆಸುಪಾಸು, ಫಾಸ್ಫರಸ್ ಅದಕ್ಕಿಂತಲೂ ಕಡಿಮೆ. ಅಷ್ಟೇ ದೊಡ್ಡ ಚಮಚ ಪೀನಟ್ ಬಟರ್‌ನಲ್ಲಿ ಪೊಟ್ಯಾಸಿಯಂ ಐದಾರು ಪಟ್ಟು, ಜೊತೆಗೆ 50 ಮಿಲಿಗ್ರಾಂ ಮೀರಿದ ಫಾಸ್ಫರಸ್. ಜಾಮ್‌ನಲ್ಲಿ ಹಣ್ಣಿಗಿಂತ ಸಕ್ಕರೆಯೇ ಜಾಸ್ತಿ ಅಂತ ಎಲ್ಲರೂ ಬೈಯುತ್ತಾರಲ್ಲ, ಇಲ್ಲಿ ಆ ದೋಷವೇ ಉಪಕಾರಕ್ಕೆ ಬರುತ್ತದೆ.

ಹಾಗಂತ ಸಕ್ಕರೆಯನ್ನು ಮರೆಯೋ ಹಾಗಿಲ್ಲ. ಕಿಡ್ನಿ ಕೈಕೊಡಲು ಡಯಾಬಿಟಿಸೇ ದೊಡ್ಡ ಕಾರಣ, ಒಂದು ಚಮಚ ಜಾಮ್‌ನಲ್ಲಿ 10 ಗ್ರಾಂನಷ್ಟು ಸಕ್ಕರೆ ಇರುತ್ತದೆ. ಅದಕ್ಕೇ ನಾನು ಬಂದವರಿಗೆ ಕೇಳುವುದು: 'ನಿಮ್ಮ ಚಮಚ ಎಷ್ಟು ದೊಡ್ಡದು, ತಲೆ ತಟ್ಟಿದ್ದಾ, ಗುಡ್ಡೆ ಮಾಡಿದ್ದಾ?' ನಗುತ್ತಾರೆ. ಆದರೆ ಅಳತೆ ಚಮಚ ಕೈಗೆ ಕೊಟ್ಟರೆ, 'ಒಂದೇ ಚಮಚ' ಅಂದವರದ್ದು ಎರಡೂವರೆ ಆಗಿರುತ್ತದೆ. ಇನ್ನೊಂದು ವಿಷಯ. ಕಿಡ್ನಿ ಸೋತಾಗ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಶುಗರ್ ದಿಢೀರ್ ಇಳಿಯುವುದುಂಟು. ಆಗ ಕಿತ್ತಳೆ ಜ್ಯೂಸ್‌ಗಿಂತ ಒಂದು ಚಮಚ ಜಾಮ್ ವಾಸಿ, ಪೊಟ್ಯಾಸಿಯಂ ಏರಿಸುವುದಿಲ್ಲ.

'ಸಕ್ಕರೆ ಸೇರಿಸಿಲ್ಲ' ಅಂತ ಬರೆದ ಬಾಟಲಿಗಳನ್ನು ತಿರುಗಿಸಿ ನೋಡಿ. ಸಕ್ಕರೆ ಬದಲು ಹಣ್ಣಿನ ರಸವನ್ನೇ ಗಟ್ಟಿ ಮಾಡಿ ಹಾಕಿದ್ದರೆ ಪೊಟ್ಯಾಸಿಯಂ ಕೂಡ ಗಟ್ಟಿಯಾಗಿಯೇ ಬಂದಿರುತ್ತದೆ. ಸೇಬು, ಸ್ಟ್ರಾಬೆರಿ, ಬ್ಲೂಬೆರಿಯದ್ದಾದರೆ ಚಿಂತೆ ಕಡಿಮೆ, ಒಣ ಏಪ್ರಿಕಾಟ್‌ನದ್ದು ಬೇಡ. ಲೇಬಲ್ ಮೇಲೆ ಕಾಣುವ 202 ಅಂದರೆ ಪೊಟ್ಯಾಸಿಯಂ ಸೋರ್ಬೇಟ್, ಜಾಮ್ ಕೆಡದಿರಲಿ ಅಂತ ಹಾಕುವುದು. ಹೆಸರು ಕೇಳಿ ಗಾಬರಿಯಾಗಬೇಡಿ, ಹಾಕುವುದು ಚಿಟಿಕೆಯಷ್ಟು. ನಾನಾದರೆ ಜಾಮ್‌ಗಿಂತ ಅದರ ಕೆಳಗಿರುವ ಬ್ರೆಡ್ಡನ್ನೇ ಜಾಸ್ತಿ ಅನುಮಾನಿಸುತ್ತೇನೆ. ಅದರಲ್ಲಿ ಉಪ್ಪು ಇದ್ದೇ ಇರುತ್ತದೆ, ಕೆಲವಕ್ಕೆ ಫಾಸ್ಫೇಟ್ ಕೂಡ ಸೇರಿಸಿರುತ್ತಾರೆ. ಹಾಗೆ ಸೇರಿಸಿದ ಫಾಸ್ಫೇಟನ್ನು ದೇಹ ಹೆಚ್ಚುಕಮ್ಮಿ ಪೂರ್ತಿ ಹೀರಿಕೊಳ್ಳುತ್ತದೆ. ಕಾಳು, ಬೀಜಗಳಲ್ಲಿ ಸಹಜವಾಗಿ ಇರುವುದು ಅಷ್ಟು ಸಲೀಸಾಗಿ ಒಳಗೆ ಹೋಗುವುದಿಲ್ಲ.

ಪೊಟ್ಯಾಸಿಯಂ ಸರಿಯಿರುವವರು ಈ ಲೆಕ್ಕಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಸುಮ್ನೆ ತಾಜಾ ಹಣ್ಣೇ ತಿನ್ನಿ, ನಾರಾದರೂ ಸಿಗುತ್ತದೆ.

ಒಂದಕ್ಕೆ ಮಾತ್ರ ನನ್ನಲ್ಲಿ ರಿಯಾಯಿತಿ ಇಲ್ಲ: ಸ್ಟಾರ್ ಫ್ರೂಟ್, ಅಂದರೆ ಧಾರೆಹುಳಿ ಅಥವಾ ಕಮರಾಕ್ಷಿ. ಹಣ್ಣು, ಜ್ಯೂಸ್, ಜಾಮ್ ಯಾವುದೂ ಬೇಡ, ಒಂದು ಚಮಚವೂ ಬೇಡ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷವನ್ನು ಒಳ್ಳೆ ಕಿಡ್ನಿ ಹೊರಹಾಕುತ್ತದೆ, ಸೋತ ಕಿಡ್ನಿಗೆ ಆಗುವುದಿಲ್ಲ, ಅದು ಮಿದುಳಿಗೆ ಏರುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಮಂಕು, ಫಿಟ್ಸ್. ಅರಿವಿಲ್ಲದೆ ತಿಂದು ಬಿಕ್ಕಳಿಕೆ ಶುರುವಾದರೆ ನೀರು ಕುಡಿಸುತ್ತಾ ಕೂರಬೇಡಿ, ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೊರಡಿ. ಹೋದ ಕೂಡಲೇ ತಿಂದದ್ದು ಏನು ಅಂತ ಹೇಳಿ.