ಪದ ಪರಿಚಯ: ಪೋರ್ಟಬಲ್ ವರ್ಟಿಕಲ್

ಹ್ಯಾಮ್ ರೇಡಿಯೋದವರಲ್ಲಿ, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರಲ್ಲಿ, ಕೆಲವರಿಗೆ ಬೆಟ್ಟ ಹತ್ತುವ ಹುಚ್ಚೂ ಇರುತ್ತದೆ. 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ 'ಸಮಿಟ್ಸ್ ಆನ್ ದಿ ಏರ್', ಅಂದರೆ ಸೋಟಾ, ಇಂಥವರದೇ ಆಟ. ರೇಡಿಯೋ, ಬ್ಯಾಟರಿ, ಆಂಟೆನಾ ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕು. ತುದಿಯಿಂದ ಕನಿಷ್ಠ 4 ಸ್ಟೇಷನ್ ಜೊತೆ ಮಾತಾಡಿದರೆ ಪಾಯಿಂಟ್. ಅಲ್ಲಿ ಮರ ಇರುತ್ತದೋ ಇಲ್ಲವೋ, ಅದಕ್ಕೇ ಬ್ಯಾಗಿಗೆ ಸೇರುವ, ತಾನೇ ನೆಟ್ಟಗೆ ನಿಲ್ಲುವ ಆಂಟೆನಾ ಬೇಕು. ಅದೇ ಪೋರ್ಟಬಲ್ ವರ್ಟಿಕಲ್.

ಇದರಲ್ಲಿ ಸರಳವಾದದ್ದು ಕ್ವಾರ್ಟರ್ ವೇವ್. ತರಂಗದ ಉದ್ದದ ಕಾಲು ಭಾಗ ಅದರ ಎತ್ತರ. 20 ಮೀಟರ್ ಬ್ಯಾಂಡಿಗೆ, ಅಂದರೆ ತರಂಗ ಸುಮಾರು 20 ಮೀಟರ್ ಉದ್ದವಿರುವ ಕಡೆ, ಸುಮಾರು 5 ಮೀಟರ್. ಎಳೆದು ಉದ್ದ ಮಾಡುವ ಸಪೂರ ಸ್ಟೀಲ್ ಕಡ್ಡಿಗಳು, ಅಂದರೆ ವಿಪ್‌ಗಳು ಈ ಅಳತೆಯಲ್ಲೇ ಸಿಗುತ್ತವೆ. 40 ಮೀಟರ್ ಬ್ಯಾಂಡಿಗೆ ಮಾತ್ರ 10 ಮೀಟರ್ ಬೇಕು. ಅಷ್ಟುದ್ದದ್ದು ಯಾರು ಹೊರುತ್ತಾರೆ? ಹಾಗಾಗಿ ಗಿಡ್ಡ ವಿಪ್ ಬುಡಕ್ಕೆ ಕಾಯಿಲ್ (ತಂತಿಯ ಸುರುಳಿ) ಸೇರಿಸಿ ಹೊಂದಿಸುತ್ತಾರೆ. ಇದು ಲೋಡೆಡ್ ವರ್ಟಿಕಲ್.

ನೋಡಲು ಎರಡೂ ಒಂದೇ ಥರ. ಕೆಲಸದಲ್ಲಿ ಅಲ್ಲ. ಒಳ್ಳೆಯ ನೆಲದ ಮೇಲಿನ ಕ್ವಾರ್ಟರ್ ವೇವ್‌ಗೆ ರೇಡಿಯೇಷನ್ ರೆಸಿಸ್ಟೆನ್ಸ್, ಅಂದರೆ ಗಾಳಿಗೆ ಹೋಗುವ ಶಕ್ತಿಯ ಪಾಲನ್ನು ಓಮ್‌ನಲ್ಲಿ ಹೇಳುವ ಲೆಕ್ಕ, ಸುಮಾರು 36 ಓಮ್. 40 ಮೀಟರ್ ಬ್ಯಾಂಡಿನಲ್ಲಿ ಎರಡೂವರೆ ಮೀಟರ್ ವಿಪ್‌ಗೆ ಅದು ಒಂದೂವರೆ ಓಮ್ ಅಷ್ಟೇ. ನೆಲದಲ್ಲಿ 14 ಓಮ್ ನಷ್ಟ ಅಂದುಕೊಳ್ಳಿ. ಕೊಟ್ಟ ಶಕ್ತಿ ಈ ಎರಡು ಓಮ್‌ಗಳ ಪ್ರಮಾಣದಲ್ಲೇ ಹಂಚಿಹೋಗುತ್ತದೆ. 5 ವ್ಯಾಟ್ ಕೊಟ್ಟರೆ ಮೊದಲನೆಯದರಿಂದ ಮೂರೂವರೆ ವ್ಯಾಟ್ ಗಾಳಿಗೆ ಹೋಗುತ್ತದೆ, ಎರಡನೆಯದರಿಂದ ಅರ್ಧ ವ್ಯಾಟೂ ಇಲ್ಲ. ಕಾಯಿಲ್ ಬಿಸಿಯಾಗಿ ತಿನ್ನುವುದು ಬೇರೆ.

ಆ 14 ಓಮ್ ಕಡಿಮೆ ಮಾಡುವುದೇ ರೇಡಿಯಲ್‌ಗಳ ಕೆಲಸ. ಬುಡದಿಂದ ನೆಲದ ಮೇಲೆ ಹರಡುವ ತಂತಿಗಳಿವು. ಬಂಡೆ ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ, ಬೆಟ್ಟದ ತುದಿ ಬಹಳ ಸಲ ಬರೀ ಬಂಡೆ. ಸುಮ್ನೆ ಒಂದು ತಂತಿ ಎಸೆದರೆ ಸಾಲದು. ನೆಲದ ಮೇಲಾದರೆ ಉದ್ದಕ್ಕಿಂತ ಸಂಖ್ಯೆ ಮುಖ್ಯ, ನಾಲ್ಕಾದರೂ ಇರಲಿ. ನೆಲದಿಂದ ಒಂದು ಮೀಟರಿನಷ್ಟು ಎತ್ತಿ ಕಟ್ಟಿದರೆ, ಅಳತೆಗೆ ಕತ್ತರಿಸಿದ ಎರಡರಲ್ಲೇ ಕೆಲಸ ಆಗುತ್ತದೆ.

ಇಲ್ಲೊಂದು ಮೋಸ ಇದೆ. 36ಕ್ಕೆ ನಷ್ಟದ 14 ಕೂಡಿಸಿದರೆ 50. ರೇಡಿಯೋ ಕೇಳುವುದೂ 50 ಓಮ್! ಎಸ್‌ಡಬ್ಲ್ಯೂಆರ್ ಮೀಟರ್ (ರೇಡಿಯೋಗೂ ಆಂಟೆನಾಗೂ ಎಷ್ಟು ಹೊಂದುತ್ತದೆ ಎಂದು ಹೇಳುವುದು) 1:1, ಅಂದರೆ ಪೂರ್ತಿ ಹೊಂದಿಕೆ, ತೋರಿಸುತ್ತದೆ, ನಾವು ಖುಷಿಪಡುತ್ತೇವೆ. ರೇಡಿಯಲ್ ಹೆಚ್ಚಿಸಿದರೆ ಮೀಟರ್ ಸ್ವಲ್ಪ ಕೆಡುತ್ತದೆ, ಆಂಟೆನಾ ಮಾತ್ರ ಸುಧಾರಿಸಿರುತ್ತದೆ. ಜಾಹೀರಾತಿನಲ್ಲಿ ಎಸ್‌ಡಬ್ಲ್ಯೂಆರ್ ಒಂದನ್ನೇ ಹೊಗಳಿದ್ದರೆ ನಾನಂತೂ ನಂಬುವುದಿಲ್ಲ.

ಮೂರನೆಯದು ಎಂಡ್ ಫೆಡ್ ಹಾಫ್ ವೇವ್, ಅಂದರೆ ತುದಿಯಿಂದ ಶಕ್ತಿ ಕೊಡುವ ಅರ್ಧ ತರಂಗದಷ್ಟುದ್ದದ ತಂತಿ. ಫೈಬರ್‌ಗ್ಲಾಸ್ ಕೋಲಿಗೆ (20 ಮೀಟರ್ ಬ್ಯಾಂಡಾದರೆ) 10 ಮೀಟರ್ ತಂತಿ, ಬುಡದಲ್ಲಿ ರೇಡಿಯೋದ 50 ಓಮ್‌ಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್. ರೇಡಿಯಲ್ ಗೋಜು ಕಡಿಮೆ, ಆದರೆ ಗಾಳಿ ಜೋರಾದರೆ ಕೋಲು ಹಿಡಿಯುವುದೇ ಕೆಲಸ. 20 ಮೀಟರಿಗೆ ನನ್ನ ಆಯ್ಕೆ 5 ಮೀಟರ್ ವಿಪ್ ಮತ್ತು ನಾಲ್ಕು ರೇಡಿಯಲ್.

ವರ್ಟಿಕಲ್ ಸಿಗ್ನಲ್ಲನ್ನು ದಿಗಂತದ ಕಡೆ ತಗ್ಗಿಸಿ ಕಳಿಸುತ್ತದೆ, ನೆತ್ತಿಯ ಮೇಲಕ್ಕೆ ಹೋಗುವುದು ಕಡಿಮೆ. ದೂರದ ದೇಶಗಳಿಗೆ ಅದೇ ಬೇಕು. ಕೊಡಗಿನ ಬೆಟ್ಟದಿಂದ ಹಗಲು 40 ಮೀಟರಿನಲ್ಲಿ ಬೆಂಗಳೂರಿನವರನ್ನು ಹಿಡಿಯಬೇಕಾದರೆ ಸಿಗ್ನಲ್ ಮೇಲಕ್ಕೆ ಹೋಗಿ, ವಾತಾವರಣದ ಮೇಲ್ಪದರಕ್ಕೆ ತಾಗಿ ವಾಪಸ್ ಬೀಳಬೇಕು. ಆಗ ಆ ಫೈಬರ್‌ಗ್ಲಾಸ್ ಕೋಲಿಗೇ ಇನ್ವರ್ಟೆಡ್ ವೀ ಡೈಪೋಲ್, ಅಂದರೆ ನಡುವೆ ಎತ್ತಿ ಎರಡೂ ಕಡೆ ಇಳಿಬಿಟ್ಟ ತಂತಿ, ಕಟ್ಟುವುದು ಮೇಲು.