ಪಳಗುವುದು ಸ್ಪೀಕರೋ, ಕೇಳುವ ಕಿವಿಯೋ?

ಹೊಸ ಸ್ಪೀಕರ್ ಕೊಂಡವರಿಗೆ ಅಂಗಡಿಯವರು ಹೇಳುವ ಮಾತೊಂದಿದೆ: "ಈಗಲೇ ತೀರ್ಮಾನಕ್ಕೆ ಬರಬೇಡಿ, ನೂರು ಗಂಟೆ ನುಡಿಯಲಿ, ಆಮೇಲೆ ಕೇಳಿ ನೋಡಿ." ಕಾಸರಗೋಡು ಸೀಮೆಯಲ್ಲಿ ಬಯಲಾಟಕ್ಕೆ ಮೈಕ್ ಸೆಟ್ ಒದಗಿಸುವವರಲ್ಲಿಯೂ, ಮಳೆಗಾಲದ ಸಂಜೆಗಳಲ್ಲಿ ಚಾವಡಿಯಲ್ಲಿ ಕುಳಿತು ತಾಳಮದ್ದಳೆಯ ಹಳೆಯ ಧ್ವನಿಮುದ್ರಣಗಳನ್ನು ಕೇಳುವವರಲ್ಲಿಯೂ ಈ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮೊದಲ ದಿನ ಭಾಗವತರ ಸ್ವರ ಒರಟಾಗಿ, ಚೆಂಡೆಯ ಪೆಟ್ಟು ಕಿವಿಗೆ ಚುಚ್ಚುವಂತೆ ಕೇಳಿಸಿದ ಪೆಟ್ಟಿಗೆಯೇ ತಿಂಗಳು ಕಳೆಯುವಷ್ಟರಲ್ಲಿ ಹಿತವಾಗಿ ಕೇಳಿಸತೊಡಗುತ್ತದೆ. ಈ ಅನುಭವವನ್ನು ಭ್ರಮೆಯೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಏನೋ ಒಂದು ನಿಜವಾಗಿಯೇ ಬದಲಾಗಿರುತ್ತದೆ. ಬದಲಾದದ್ದು ಪೆಟ್ಟಿಗೆಯೊಳಗಿನ ಯಂತ್ರವೋ, ಅದರೆದುರು ಕುಳಿತ ಮನುಷ್ಯನೋ ಎಂಬುದನ್ನು ಮಾತ್ರ ವಾದದಿಂದಲ್ಲ, ಅಳತೆಯಿಂದ ಬಿಡಿಸಿಕೊಳ್ಳಬೇಕು.

ಇಂದು ನಾವು ಬಳಸುವ ಬಹುತೇಕ ಸ್ಪೀಕರ್‌ಗಳು ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಅಮೆರಿಕನ್ ಎಂಜಿನಿಯರುಗಳು 1925ರಲ್ಲಿ ಪ್ರಕಟಿಸಿದ ವಿನ್ಯಾಸದ ಸಂತತಿಯವು. ಆಯಸ್ಕಾಂತದ ಇಕ್ಕಟ್ಟಾದ ಸಂದಿಯಲ್ಲಿ ತಂತಿಯ ಸುರುಳಿಯೊಂದು, ಅಂದರೆ ವಾಯ್ಸ್ ಕಾಯಿಲ್, ತೂಗಿಕೊಂಡಿರುತ್ತದೆ. ಅದರಲ್ಲಿ ಹಾಡಿನ ವಿದ್ಯುತ್ತು ಹರಿದಾಗ ಸುರುಳಿ ಹಿಂದೆ ಮುಂದೆ ಚಲಿಸಿ, ತನಗೆ ಅಂಟಿಸಿದ ಕಾಗದದ ಕೋನನ್ನೂ ಚಲಿಸುತ್ತದೆ. ಸುರುಳಿ ಅತ್ತಿತ್ತ ವಾಲಿ ಆಯಸ್ಕಾಂತಕ್ಕೆ ತಾಗದಂತೆ ಎರಡು ಕಡೆ ಆಧಾರವಿರುತ್ತದೆ. ಕೋನಿನ ಹೊರ ಅಂಚಿನಲ್ಲಿ ರಬ್ಬರಿನ ಅಥವಾ ಫೋಮಿನ ಸರೌಂಡ್ ಇದೆ. ಒಳಗಡೆ, ಸುರುಳಿಯ ಕುತ್ತಿಗೆಯ ಬಳಿ, ವರ್ತುಲಾಕಾರದ ನೆರಿಗೆಗಳಿರುವ ಬಟ್ಟೆಯ ಬಿಲ್ಲೆಯೊಂದಿದೆ. ಅದನ್ನು ಸ್ಪೈಡರ್ ಎನ್ನುತ್ತಾರೆ. ಸ್ಪೀಕರ್ ಪಳಗುತ್ತದೆ ಎಂಬ ಮಾತಿನಲ್ಲಿ ತಿರುಳೇನಾದರೂ ಇದ್ದರೆ ಅದು ಮುಖ್ಯವಾಗಿ ಈ ಬಿಲ್ಲೆಯಲ್ಲಿದೆ.

ಸ್ಪೈಡರನ್ನು ಸಾಮಾನ್ಯವಾಗಿ ಹತ್ತಿಬಟ್ಟೆಗೆ ಫೀನಾಲಿಕ್ ರಾಳವನ್ನು ಕುಡಿಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತಯಾರಿಸುತ್ತಾರೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆ ಮೊದಲ ಸಲ ಉಟ್ಟಾಗ ಸೆಟೆದು ನಿಂತು, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಮಡಿಕೆಗಳಲ್ಲಿ ಮೆತ್ತಗಾಗುವಂತೆ, ಸ್ಪೈಡರಿನ ನೆರಿಗೆಗಳಲ್ಲಿಯೂ ರಾಳದ ಬಿಗುವು ಮೊದಲ ಕೆಲವು ದೊಡ್ಡ ಚಲನೆಗಳಲ್ಲೇ ಸಡಿಲಗೊಳ್ಳುತ್ತದೆ. ಈ ಬದಲಾವಣೆಯ ದೊಡ್ಡ ಪಾಲು ಜೋರಾಗಿ ನುಡಿಸಿದ ಮೊದಲ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಉಳಿದದ್ದು ಕೆಲವು ಗಂಟೆಗಳಲ್ಲಿ ನಿಧಾನವಾಗಿ ಆಗುತ್ತದೆ. ಅಷ್ಟೇ ಅಲ್ಲ, ನುಡಿಸುವಾಗ ಸಡಿಲಗೊಂಡ ಬಟ್ಟೆ ವಿಶ್ರಾಂತಿ ಸಿಕ್ಕಿದಾಗ ಸ್ವಲ್ಪ ಮಟ್ಟಿಗೆ ಮತ್ತೆ ಬಿಗಿಯಾಗುತ್ತದೆ. ಬಹಳಷ್ಟು ಘಟಕಗಳು ಕಾರ್ಖಾನೆಯ ತಪಾಸಣೆಯಲ್ಲಿಯೇ ಒಮ್ಮೆ ಚೆನ್ನಾಗಿ ಅದುರಿ ಬಂದಿರುತ್ತವೆ.

ಇದರ ಪರಿಣಾಮ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸ್ಪೈಡರ್ ಮತ್ತು ಸರೌಂಡ್ ಸೇರಿ ಒಂದು ಸ್ಪ್ರಿಂಗ್. ಕೋನ್ ಮತ್ತು ಸುರುಳಿ ಅದಕ್ಕೆ ಕಟ್ಟಿದ ಭಾರ. ಇವೆರಡರ ಸಹಜ ಕಂಪನಾಂಕ 40 ಹರ್ಟ್ಸ್ ಎಂದಿಟ್ಟುಕೊಳ್ಳೋಣ. ಸ್ಪ್ರಿಂಗ್ ಶೇಕಡಾ 20ರಷ್ಟು ಸಡಿಲವಾಯಿತೆಂದರೆ ಅದು ಸುಮಾರು 36.5 ಹರ್ಟ್ಸ್‌ಗೆ ಇಳಿಯುತ್ತದೆ. ಅಳೆಯುವ ಉಪಕರಣದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಪಳಗುವಿಕೆಯನ್ನು ನಂಬುವವರು ತೋರಿಸುವ ಪುರಾವೆಯೂ ಇದೇ. ಆದರೆ ಯಾರೂ ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ಹಾಡು ಕೇಳುವುದಿಲ್ಲ. ಅದನ್ನು ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ಮುಚ್ಚಿದ ಪೆಟ್ಟಿಗೆಯಲ್ಲಿ ಸೆರೆಯಾದ ಗಾಳಿಯೂ ಒಂದು ಸ್ಪ್ರಿಂಗೇ, ಸಣ್ಣ ಪೆಟ್ಟಿಗೆಯಾದರೆ ಅದು ಸ್ಪೈಡರಿಗಿಂತ ಎಷ್ಟೋ ಬಿಗಿಯಾದ ಸ್ಪ್ರಿಂಗು. 1954ರಲ್ಲಿ ಎಡ್ಗರ್ ವಿಲ್ಚರ್ ಇದನ್ನೇ ಬಳಸಿಕೊಂಡು, ಸಡಿಲವಾದ ಆಧಾರದ ಕೋನನ್ನು ಗಾಳಿಯ ಮೆತ್ತೆಯ ಮೇಲೆ ನಿಲ್ಲಿಸಿ, ಚಿಕ್ಕ ಪೆಟ್ಟಿಗೆಯಿಂದ ಆಳವಾದ ಮಂದ್ರ ಹೊರಡಿಸಿ ತೋರಿಸಿದರು. ಗಾಳಿ ಸ್ಪೈಡರಿಗಿಂತ ಮೂರು ಪಟ್ಟು ಬಿಗಿಯಾಗಿದೆಯೆಂದರೆ, ಮೇಲಿನ ಸ್ಪೀಕರಿನ ಕಂಪನಾಂಕ ಪೆಟ್ಟಿಗೆಯಲ್ಲಿ 80 ಹರ್ಟ್ಸ್‌ಗೆ ಏರುತ್ತದೆ. ಸ್ಪೈಡರ್ ಶೇಕಡಾ 20ರಷ್ಟು ಸಡಿಲವಾದ ಮೇಲೆ ಅದು ಎಷ್ಟಾಗುತ್ತದೆ? ಸುಮಾರು 78.3. ವ್ಯತ್ಯಾಸ ಶೇಕಡಾ ಎರಡು, ಅರ್ಧ ಸ್ವರಸ್ಥಾನಕ್ಕಿಂತಲೂ ಕಡಿಮೆ. ಅದೂ ಮಂದ್ರದ ಕೊನೆಯಂಚಿನಲ್ಲಿ. ಭಾಗವತರ ಸ್ವರದ ಒರಟುತನವಾಗಲಿ ಚೆಂಡೆಯ ಚುಚ್ಚುವಿಕೆಯಾಗಲಿ ಇರುವ ಎಡೆ ಇದಲ್ಲ. ಅವು ಒಂದು ಸಾವಿರ ಹರ್ಟ್ಸ್‌ನಿಂದ ಮೇಲಿನ ಸೀಮೆಯವು, ಮತ್ತು ಆ ಸೀಮೆಯಲ್ಲಿ ಸ್ಪೈಡರಿನ ಬಿಗುವಿಗೆ ಹೆಚ್ಚು ಅಧಿಕಾರವಿಲ್ಲ.

ಲೆಕ್ಕವನ್ನು ನಂಬದವರು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಮಾದರಿಯ ಎರಡು ಹೊಸ ಪೆಟ್ಟಿಗೆಗಳನ್ನು ಎದುರುಬದುರಾಗಿ, ನಡುವೆ ಎರಡು ಬೆರಳು ಅಂತರ ಬಿಟ್ಟು ಇರಿಸಿ, ಎರಡಕ್ಕೂ ಒಂದೇ ಮೋನೋ ಧ್ವನಿ ಕೊಟ್ಟು, ಒಂದರ ತಂತಿಗಳನ್ನು ಮಾತ್ರ ಅದಲುಬದಲು ಮಾಡಬೇಕು. ಆಗ ಒಂದು ಕೋನ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಮಂದ್ರವೆಲ್ಲ ಪರಸ್ಪರ ಅಳಿಸಿಹೋಗಿ ತೆಳುವಾದ ಶೇಷವಷ್ಟೇ ಕೇಳುತ್ತದೆ. ಕಾರ್ಖಾನೆಯಿಂದ ಬಂದ ಎರಡು ಘಟಕಗಳು ಎಂದೂ ತದ್ರೂಪವಾಗಿರುವುದಿಲ್ಲವಾದ್ದರಿಂದ ಈ ಶೇಷವನ್ನು ಮೊದಲೇ ಧ್ವನಿಮುದ್ರಿಸಿಕೊಳ್ಳುವುದು ಮುಖ್ಯ. ಅನಂತರ ಒಂದನ್ನು ಡಬ್ಬಿಗೆ ಸೇರಿಸಿ, ಇನ್ನೊಂದನ್ನು ನೂರು ಗಂಟೆ ನುಡಿಸಿ, ಮತ್ತೆ ಅದೇ ಪರೀಕ್ಷೆ ಮಾಡಿ ಎರಡು ಶೇಷಗಳನ್ನು ಹೋಲಿಸಬಹುದು. ಯಂತ್ರ ಗಣನೀಯವಾಗಿ ಬದಲಾಗಿದ್ದರೆ ಎರಡನೆಯ ಶೇಷ ಮೊದಲಿನದಕ್ಕಿಂತ ಬೇರೆಯಾಗಿರಲೇಬೇಕು. ನೆನಪನ್ನೂ ಅಭಿಪ್ರಾಯವನ್ನೂ ಪಕ್ಕಕ್ಕಿಡುವ ಇಂತಹ ಪರೀಕ್ಷೆಯ ಮೇಲೆ ನನಗೆ ತುಂಬ ಗೌರವ.

ಇನ್ನೊಂದು ಸುಳಿವು ತರ್ಕದಿಂದ ಸಿಗುತ್ತದೆ. ಪಳಗಿದ ಸ್ಪೀಕರ್‌ಗಳ ಕಥೆಗಳಲ್ಲಿ ಧ್ವನಿ ಯಾವಾಗಲೂ ಉತ್ತಮವಾಗುತ್ತದೆ. ತಿಂಗಳು ನುಡಿಸಿದ ಮೇಲೆ ಕೆಟ್ಟಿತು ಎಂದವರು ಅಪರೂಪ. ಬಟ್ಟೆ ಮತ್ತು ರಾಳಕ್ಕೆ ನಮ್ಮ ರುಚಿಯ ಪರಿಚಯವಿಲ್ಲ. ಅವುಗಳ ಬದಲಾವಣೆ ಪ್ರತಿ ಬಾರಿಯೂ ಕೇಳುಗನಿಗೆ ಹಿತವಾದ ದಿಕ್ಕಿಗೇ ಹೋಗಬೇಕಾದ ಕಾರಣವೂ ಇಲ್ಲ. ಸದಾ ಹಿತದ ಕಡೆಗೆ ವಾಲುವ ಗುಣವಿರುವುದು ಮನಸ್ಸಿಗೆ.

ಕಿವಿ ಮತ್ತು ಮಿದುಳು ಎಷ್ಟರಮಟ್ಟಿಗೆ ಹೊಸದಕ್ಕೆ ಹೊಂದಿಕೊಳ್ಳುತ್ತವೆ ಎಂಬುದಕ್ಕೆ 1998ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರಾದ ಹಾಫ್ಮನ್, ವಾನ್ ರಿಸ್ವಿಕ್ ಮತ್ತು ವಾನ್ ಆಪ್ಸ್ಟಾಲ್ ಪ್ರಕಟಿಸಿದ ಪ್ರಯೋಗಕ್ಕಿಂತ ಸುಂದರವಾದ ಉದಾಹರಣೆ ನನಗೆ ಗೊತ್ತಿಲ್ಲ. ಧ್ವನಿ ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂಬುದನ್ನು ನಾವು ಹೊರಕಿವಿಯ ಸುರುಳಿಗಳಿಂದ ತಿಳಿಯುತ್ತೇವೆ. ಆ ಸುರುಳಿಗಳು ಪ್ರತಿ ದಿಕ್ಕಿನ ಧ್ವನಿಗೂ ಬೇರೆ ಬೇರೆ ಬಣ್ಣ ಕೊಡುತ್ತವೆ. ಸಂಶೋಧಕರು ನಾಲ್ವರ ಕಿವಿಗಳಿಗೆ ಚಿಕ್ಕ ಅಚ್ಚುಗಳನ್ನು ತೊಡಿಸಿ ಸುರುಳಿಗಳ ಆಕಾರವನ್ನೇ ಬದಲಿಸಿದರು. ಮೇಲು ಕೆಳಗಿನ ಅರಿವು ಕೂಡಲೇ ಕೆಟ್ಟುಹೋಯಿತು. ಅವರು ಅಚ್ಚುಗಳನ್ನು ತೊಟ್ಟೇ ದಿನನಿತ್ಯದ ಬದುಕು ನಡೆಸಿದರು, ಮತ್ತು ಕೆಲವು ವಾರಗಳಲ್ಲಿ ಆ ಅರಿವು ಮರಳಿತು. ಅಚ್ಚು ತೆಗೆದಾಗ ಹಳೆಯ ಕಿವಿಯಿಂದಲೂ ತಕ್ಷಣವೇ ಸರಿಯಾಗಿ ಕೇಳಿದರು. ಮಿದುಳು ಹೊಸ ಪಾಠ ಕಲಿಯುವಾಗ ಹಳೆಯದನ್ನು ಅಳಿಸಿರಲಿಲ್ಲ. ಹೊರಕಿವಿಯನ್ನೇ ಬದಲಿಸಿದರೂ ವಾರಗಳಲ್ಲಿ ಹೊಂದಿಕೊಳ್ಳುವ ಮಿದುಳಿಗೆ ಹೊಸ ಸ್ಪೀಕರಿನ ಸ್ವಭಾವ ದೊಡ್ಡ ಸವಾಲೇನಲ್ಲ. ಅದು ಪೆಟ್ಟಿಗೆಯ ಸ್ಥಿರವಾದ ಬಣ್ಣವನ್ನು ಗುರುತಿಸಿ ಹಿನ್ನೆಲೆಗೆ ಸರಿಸುತ್ತದೆ, ಭಾಗವತರ ಸ್ವರವನ್ನು ಮುಂದಕ್ಕೆ ತರುತ್ತದೆ.

ಇದರ ಜೊತೆಗೆ ನಿರೀಕ್ಷೆಯೂ ಸೇರಿಕೊಳ್ಳುತ್ತದೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅದೇ ಸ್ಪೀಕರ್‌ಗಳನ್ನು ಒಮ್ಮೆ ಪರದೆಯ ಹಿಂದೆ ಇರಿಸಿ, ಇನ್ನೊಮ್ಮೆ ಕಣ್ಣಿಗೆ ಕಾಣುವಂತೆ ಇರಿಸಿ ಕೇಳುಗರಿಂದ ಅಂಕ ಪಡೆದಾಗ, ಕಂಡದ್ದು ಕೇಳಿದ್ದನ್ನು ತಿದ್ದುತ್ತದೆ ಎಂಬುದು ಅಂಕಗಳಲ್ಲಿಯೇ ತಿಳಿಯಿತು. ನಾದದ ಸೂಕ್ಷ್ಮ ವಿವರಗಳ ನೆನಪಂತೂ ಬಹಳ ಅಲ್ಪಾಯುವಿನದು. ಕಳೆದ ತಿಂಗಳ ಧ್ವನಿಯನ್ನು ಇಂದಿನದರೊಡನೆ ಹೋಲಿಸುತ್ತೇವೆ ಎಂದಾಗ ನಾವು ಹೋಲಿಸುವುದು ಧ್ವನಿಯನ್ನಲ್ಲ, ಅದರ ಬಗ್ಗೆ ಅಂದು ಆಡಿದ ಮಾತನ್ನು. ಧ್ವನಿಯನ್ನು ಸ್ವಲ್ಪ ಹೆಚ್ಚಿಸಿದರೂ ಮಂದ್ರ ತುಂಬಿ ಕೇಳುವುದೂ ಒಂದು ಕಾರಣ. ಕಿವಿಯ ಈ ಗುಣವನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹೊಸ ಪೆಟ್ಟಿಗೆ ಹಿಡಿಸತೊಡಗಿದಂತೆ ನಮ್ಮ ಕೈ ವಾಲ್ಯೂಮ್ ತಿರುಗಣೆಯನ್ನು ತುಸು ಮುಂದಕ್ಕೆ ತಿರುಗಿಸಿರುತ್ತದೆ.

ಹಾಗಾದರೆ ಸ್ಪೀಕರಿಗೆ ವಯಸ್ಸಾಗುವುದಿಲ್ಲವೇ? ಆಗುತ್ತದೆ, ಆದರೆ ಉತ್ತಮವಾಗುವ ಕಡೆಗಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಅದು ಬೇಗನೆ ಆಗುತ್ತದೆ. ಬದಿಯಡ್ಕ, ಕುಂಬಳೆ, ಉಪ್ಪಳದಂತಹ ಊರುಗಳ ದುರಸ್ತಿ ಅಂಗಡಿಗಳಲ್ಲಿ ಹಳೆಯ ಪೆಟ್ಟಿಗೆಯ ಜಾಲರಿ ತೆಗೆದು ನೋಡಿದರೆ ಈ ಮುಪ್ಪು ಕಣ್ಣಿಗೇ ಕಾಣುತ್ತದೆ. ಸರೌಂಡಿನ ಕಪ್ಪು ಫೋಮು ಬೆರಳು ತಾಗಿದ ಕೂಡಲೇ ಒತ್ತಿದಲ್ಲಿ ಒಡೆದು, ಅಂಟಂಟಾದ ಪುಡಿಯಾಗಿ ಉದುರುತ್ತದೆ. ಪಾಲಿಯುರಿಥೇನ್ ಫೋಮಿನ ಅಣುಸರಪಣಿಗಳನ್ನು ಗಾಳಿಯ ತೇವವೇ ತುಂಡರಿಸುವುದರಿಂದ, ಒಮ್ಮೆಯೂ ನುಡಿಸದೆ ಅಟ್ಟದಲ್ಲಿಟ್ಟ ಸ್ಪೀಕರಿಗೂ ಈ ಗತಿ ತಪ್ಪಿದ್ದಲ್ಲ. ಕಾಗದದ ಕೋನ್ ಆಟಿ ತಿಂಗಳಲ್ಲಿ ತೇವ ಹೀರಿ ಭಾರವಾಗುತ್ತದೆ, ಉಪ್ಪುಗಾಳಿಗೆ ಕಬ್ಬಿಣದ ಭಾಗಗಳು ತುಕ್ಕು ಹಿಡಿದು ಸುರುಳಿಯ ಸಂದಿಯಲ್ಲಿ ಕರಕರ ಶಬ್ದ ಹುಟ್ಟುತ್ತದೆ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ವರ್ಷಗಳಲ್ಲಿ ಒಣಗಿ ತಾರದ ಸ್ವರಗಳು ಮಂಕಾಗುತ್ತವೆ. ಇದೆಲ್ಲ ಎಷ್ಟು ನಿಧಾನವಾಗಿ ನಡೆಯುತ್ತದೆಂದರೆ, ಹೊಸ ಪೆಟ್ಟಿಗೆಗೆ ಒಗ್ಗಿದ ಮಿದುಳು ಕೆಡುತ್ತಿರುವ ಪೆಟ್ಟಿಗೆಗೂ ದಿನದಿನ ಒಗ್ಗುತ್ತ ಹೋಗುತ್ತದೆ. ಹಳೆಯ ಸ್ಪೀಕರಿನ ನಾದವೇ ಬೇರೆ ಎಂದು ಅಭಿಮಾನದಿಂದ ಹೇಳುವ ಮನೆಗಳಲ್ಲಿ ಒಮ್ಮೆ ಫೋಮನ್ನು ಮುಟ್ಟಿ ನೋಡಬೇಕು.

ಕಿವಿಯ ವಿಷಯದಲ್ಲಿ ಎರಡನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಕೇಳುವ ಕೌಶಲ ವರ್ಷಗಳಿಂದ ಬೆಳೆಯುತ್ತದೆ: ಇಂಪು ಕಡಿಮೆಯಾದ ಧ್ವನಿವರ್ಧಕದಲ್ಲಿಯೂ ಮದ್ದಳೆಯ ಶ್ರುತಿ ಕೂದಲೆಳೆಯಷ್ಟು ಇಳಿದದ್ದನ್ನು ಹಿಡಿಯುವ ಹಿರಿಯರು ನಮ್ಮ ಆಟದ ಬಯಲುಗಳಲ್ಲಿ ಇಂದಿಗೂ ಇದ್ದಾರೆ. ಆದರೆ ಕೇಳುವ ಅಂಗ ಬೆಳೆಯುವುದಿಲ್ಲ. ಧ್ವನಿಯನ್ನು ನರದ ಸಂಕೇತವಾಗಿ ಮಿದುಳಿಗೆ ಒಪ್ಪಿಸುವ ಒಳ ರೋಮಕೋಶಗಳು ಪ್ರತಿ ಕಿವಿಯಲ್ಲಿ ಸುಮಾರು 3500 ಮಾತ್ರ, ಅವನ್ನು ಬೆಂಬಲಿಸುವ ಹೊರ ರೋಮಕೋಶಗಳು ಸುಮಾರು 12000. ಮನುಷ್ಯರಲ್ಲಿ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಿಕೊಳ್ಳಬಹುದು, ಅಲ್ಲಿಂದ ಪ್ರತಿ ಮೂರು ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ನಲ್ಲಿ ಉಳಿಯುವುದು ಹದಿನೈದು ನಿಮಿಷ. ಹಾರ್ನಿನ ಬುಡದಲ್ಲಿ ಚಾಪೆ ಹಾಸಿ ಕುಳಿತ ಮಕ್ಕಳಿಗೆ, ಆಟ ಬೆಳಗಿನ ತನಕ ನಡೆಯದೆ ಕಾಲಮಿತಿಯದ್ದಾದರೂ, ಈ ಲೆಕ್ಕ ಪೀಠಿಕಾ ಪ್ರಕರಣದಲ್ಲಿಯೇ ಮುಗಿದುಹೋಗಬಹುದು. ಬಯಲಿನಲ್ಲಿ ಒಂಟಿ ಹಾರ್ನಿನಿಂದ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು ಆರು ಡೆಸಿಬೆಲ್ ಇಳಿಯುತ್ತದೆ, ಅಂದರೆ ಎರಡು ಮೀಟರಿನಿಂದ ಎಂಟು ಮೀಟರಿಗೆ ಚಾಪೆ ಸರಿಸಿದರೆ ಹದಿನೈದು ನಿಮಿಷದ ಅವಕಾಶ ನಾಲ್ಕು ಗಂಟೆಯಾಗುತ್ತದೆ.